ಉಸ್ತಾದರ ಪಾಲಿನ ಹಿಡಿ ಮಣ್ಣು

ಚಿಂತೆಯಿಂದ ಕೈಕಾಲು ಬೀಳುತ್ತವೆ, ಮನಸ್ಸಿನ ಬೇನೆ ಮೈಗೆ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಅದೆಲ್ಲ ಕೆಲಸವಿಲ್ಲದವರ ಬೇನೆ ಎನ್ನುತ್ತಿದ್ದೆ. ಐದನೇ ಇಯತ್ತೆಗೆ ಸಾಲಿ ಬಿಟ್ಟು ಕಲ್ಲು ಹೊತ್ತವನು ನಾನು. ಮುನವಳ್ಳಿಯಲ್ಲಿ ನಾನು ಕಟ್ಟಿದ ಗೋಡೆಗಳು ಇವತ್ತಿಗೂ ನಿಂತಿವೆ, ಬೇಕಾದರೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿ. ಇದನ್ನು ಮೊದಲೇ ಹೇಳುತ್ತಿರುವುದು, ಮುಂದಿನದನ್ನು ಓದಿ ನನ್ನನ್ನು ಪುಕ್ಕಲ ಎಂದು ತಿಳಿಯಬಾರದೆಂದು.

ಗೌಂಡಿ ಕೆಲಸ ಕಲಿಸಿದವರು ಇಮಾಮಸಾಬ ಉಸ್ತಾದರು. ಹನ್ನೆರಡು ವರ್ಷ ಅವರ ಕೈಕೆಳಗೆ ದುಡಿದೆ. ಒಂದು ದಿನ ನಾನು ಎದೆಮಟ್ಟ ಏರಿಸಿದ್ದ ಗೋಡೆಯ ಮುಂದೆ ನಿಂತು, ಮನೆ ಮಾಲೀಕರು, ಆಳುಗಳು ಎಲ್ಲರ ಎದುರಿಗೇ ಅವರು ಕೇಳಿದರು: "ಏನಪಾ, ನಿನ್ನ ಗ್ವಾಡಿ ಹೊಟ್ಟಿ ಬಿಟ್ಟೈತಲ್ಲ. ಎಷ್ಟರಾಗ ಐತಿ? ಕುಬಸಾ ಯಾವಾಗ ಮಾಡೂಣು?" ಗೋಡೆಗೆ ಬಸುರಿಯ ಸೀಮಂತವೇ ಎಂದು ಕಲ್ಲು ಹೊರುವ ಹೆಣ್ಣುಮಕ್ಕಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಉಸ್ತಾದರು ಹಾರೆ ಹಾಕಿ ಗೋಡೆ ಕೆಡವಿಸಿದರು. ನಾನು ಕರಣಿ ಒಗೆದು ಬಂದವನು ಒಂಬತ್ತು ವರ್ಷ ಅವರ ಮಾರಿ ನೋಡಲಿಲ್ಲ. ಹಾಸಿಗೆ ಹಿಡಿದಾಗ ಎರಡು ಸಲ ಹೇಳಿ ಕಳಿಸಿದ್ದರು. ಹೋಗಲಿಲ್ಲ.

ಗೋಡೆ ನಿಜವಾಗಿಯೂ ಹೊಟ್ಟೆ ಬಿಟ್ಟಿತ್ತು. ಈ ಮಾತನ್ನು ಈಗ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ಊರಿನ ಮಂದಿ ಜಾತಿ ಎನ್ನದೆ ಮಣ್ಣಿಗೆ ಹೋದರು, ನಾನೂ ಹೋದೆ. ಖಬರಸ್ತಾನದಲ್ಲಿ ಒಬ್ಬೊಬ್ಬರೂ ಗೋರಿಗೆ ಮಣ್ಣು ಕೊಡುತ್ತಿದ್ದರು. ನನ್ನ ಸರದಿ ಬಂದಾಗ ಬಗ್ಗಿ ಬಲಗೈಯಲ್ಲಿ ಒಂದು ಹಿಡಿ ತೆಗೆದುಕೊಂಡೆ. ಹಿಂದಿನಿಂದ ಯಾರೋ ಅಂದರು: "ಜೀವ ಇದ್ದಾಗ ಮಾತ ಕೊಡಲಿಲ್ಲ, ಈಗ ಮಣ್ಣ ಕೊಡಾಕ ಬಂದಾನ ನೋಡು." ಮೈ ಉರಿದುಹೋಯಿತು. ಮಣ್ಣು ಹಾಕದೆ, ಹಿಡಿ ಬಿಗಿದುಕೊಂಡೇ ಮನೆಗೆ ಬಂದುಬಿಟ್ಟೆ.

ಕೈ ತೊಳೆಯಲು ಕುಳಿತರೆ ಬೆರಳು ಬಿಚ್ಚಲಿಲ್ಲ. ಎಡಗೈಯಿಂದ ಎಬ್ಬಿದೆ, ನೋವಿಗೆ ಕಣ್ಣು ಕತ್ತಲಾಯಿತು. ಮುಷ್ಟಿಯ ಮೇಲೆ ನೀರು ಸುರಿದೆ. ಬೆರಳ ಸಂದಿಯಿಂದ ಮೊದಲು ಕೆಸರು ಇಳಿಯಿತು, ಆಮೇಲೆ ತಿಳಿನೀರು. ಮುಷ್ಟಿ ಮಾತ್ರ ಹಾಗೆಯೇ ಉಳಿಯಿತು.

ಮೂರು ವಾರ. ಕರಣಿ ಹಿಡಿಯಲಾಗದ ಗೌಂಡಿಯನ್ನು ಯಾರು ಕರೆಯುತ್ತಾರೆ? ಸುತ್ತಿಗೆ ಏಟು ಬಿದ್ದಿದೆ ಎಂದು ಕೇಳಿದವರಿಗೆಲ್ಲ ಸುಳ್ಳು ಹೇಳಿದೆ. ಹೆಂಡತಿ ರೊಟ್ಟಿ ಮುರಿದು ಬಾಯಿಗಿಟ್ಟರೆ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದೆ. ಕೊನೆಗೆ ಅವಳೇ ಬೈಲಹೊಂಗಲಕ್ಕೆ ಎಳೆದುಕೊಂಡು ಹೋದಳು. ಡಾಕ್ಟರು ಸೂಜಿ ಚುಚ್ಚಿ, ಫೋಟೋ ತೆಗೆಸಿ, ಎಲುಬು, ನರ ಎಲ್ಲಾ ಸರಿ ಇವೆ ಎಂದರು. ಆಗ ಅವಳು ನನ್ನೆದುರಿಗೇ ಹೇಳಿದಳು: "ಮಲಗಿದಾಗ ಇವರ ಕೈ ತಾನಾ ಬಿಚ್ಚತೈತ್ರಿ ಸಾಹೇಬ್ರ, ಕೂಸಿನ ಕೈ ಇದ್ದಂಗ. ದಿನಾ ನಾ ಹಸಿ ಅರಬಿಲೆ ಅಂಗೈ ಒರಸತೇನಿ. ಎಚ್ಚರಾದ್ರ ಮತ್ತ ಮುಷ್ಟಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಯಾರ ಜೋಡಿ ಜಗಳಾ ಆಡೀರಿ, ಯಜಮಾನ್ರ?"

"ನನ್ನ ಹುಚ್ಚ ಅಂತೀರೇನ್ರಿ?"

"ಅಲ್ರಿ. ಕೈಗೆ ಬ್ಯಾನಿ ಇಲ್ಲ. ಮನಸಿನಾಗ ಹಿಡಕೊಂಡದ್ದನ್ನ ಕೈ ಹಿಡಕೊಂಡೈತಿ. ಇಂಥಾವು ಭಾಳ ನೋಡೇನಿ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಮುನವಳ್ಳಿಯಲ್ಲಿ ಇಳಿದು ಹೆಂಡತಿಯನ್ನು ಮನೆಗೆ ಕಳಿಸಿ, ಸೀದಾ ಖಬರಸ್ತಾನಕ್ಕೆ ನಡೆದೆ. ಮಟಮಟ ಮಧ್ಯಾಹ್ನ, ಒಂದು ನರಪಿಳ್ಳೆಯೂ ಇರಲಿಲ್ಲ. ತಪ್ಪು ಒಪ್ಪಿಕೊಳ್ಳಲು ಹೋಗಿರಲಿಲ್ಲ, ಜಗಳಕ್ಕೇ ಹೋಗಿದ್ದೆ. ಗೋರಿಯ ಮೇಲೆ ಮುಷ್ಟಿ ಚಾಚಿ, "ನೋಡ್ರಿ ಉಸ್ತಾದ, ಗ್ವಾಡಿ ಕೆಡವಿದ್ರಿ, ಈಗ ಕೈನೂ ಕೆಡವಿದ್ರಿ. ಸಮಾಧಾನ ಆತಿಲ್ಲೋ?" ಎಂದು ಕೂಗಿದೆ.

ಬೆರಳುಗಳು ಬಿಚ್ಚಿದವು. ನಾನು ಬಿಚ್ಚಲಿಲ್ಲ, ಇದನ್ನು ಆಣೆ ಮಾಡಿ ಹೇಳಬಲ್ಲೆ. ಕಿರುಬೆರಳಿನಿಂದ ಶುರುವಾಗಿ ಒಂದೊಂದಾಗಿ, ಯಾರೋ ಮೆತ್ತಗೆ ಬಿಡಿಸಿದ ಹಾಗೆ ಬಿಚ್ಚಿದವು. ಅಂಗೈಯಿಂದ ಒಂದು ಹಿಡಿ ಕರಿಮಣ್ಣು ಗೋರಿಯ ಮೇಲೆ ಬಿತ್ತು.

ಮನೆಗೆ ಬಂದು ಕೈ ಮುಂದೆ ಹಿಡಿದೆ. ಹೆಂಡತಿ ಅದನ್ನು ಹಿಡಿದುಕೊಂಡು ಅತ್ತಳು. ಮಣ್ಣು ಬಿತ್ತು ಎಂದಾಗ ಮಾತ್ರ ಕೈ ಬಿಟ್ಟು ನನ್ನ ಮುಖ ನೋಡಿದಳು. "ಎಲ್ಲೀ ಮಣ್ಣರಿ? ನಿನ್ನೆ ರಾತ್ರಿನೂ ನಾನಾ ಒರಸೇನಿ. ಅಂಗೈ ಸ್ವಚ್ಛ ಇತ್ತು."

ಮರುದಿನ ಕೆಲಸಕ್ಕೆ ಹೋದೆ. ಆಮೇಲೆ ಕೈ ಎಂದೂ ತಕರಾರು ಮಾಡಿಲ್ಲ. ಮುಷ್ಟಿಯ ವಿಷಯದಲ್ಲಿ ಡಾಕ್ಟರು ಹೇಳಿದ್ದು ಖರೆ ಇರಬಹುದು, ಈಗ ನಾನು ನಗುವುದಿಲ್ಲ. ಮಣ್ಣಿನ ಬಗ್ಗೆ ಅವರನ್ನು ಕೇಳುವ ಧೈರ್ಯ ಆಗಲಿಲ್ಲ. ಅದು ಆಗತಾನೇ ಅಗೆದು ತೆಗೆದಂತೆ ಹಸಿಯಾಗಿತ್ತು, ತಣ್ಣಗಿತ್ತು ಎಂಬುದನ್ನು ಹೆಂಡತಿಗೂ ಇದುವರೆಗೆ ಹೇಳಿಲ್ಲ.