ನೀಲಿ ಬಟ್ಟೆಯ ನೆರಿಗೆ

ನನ್ನ ಫ್ರೇಮಿನ ಅಂಗಡಿಗೆ ತಾಗಿಕೊಂಡ ಸ್ಟುಡಿಯೋದವನಿಗೆ ಬೀದಿಯವರು ಇಟ್ಟ ಹೆಸರು 'ಅಲ್ಲಾಡ್ಬೇಡಿ'. ದಿನವಿಡೀ ಅವನ ಬಾಯಲ್ಲಿ ಅದೊಂದೇ ಮಾತು. ಮದುವೆಯ ಹೊಸತರಲ್ಲಿ ಹೆಂಡತಿಗೂ ಅದನ್ನೇ ಹೇಳಿರಬೇಕು. ಆಕೆ ಸ್ಟುಡಿಯೋ, ಅದರ ಹಿಂದಿನ ಮನೆ ಬಿಟ್ಟು ಅಲ್ಲಾಡಿದ್ದೇ ಕಡಿಮೆ.

ಅವನು ಹೆಸರು ಮಾಡಿದ್ದು ಕೂಸುಗಳ ಫೋಟೋದಿಂದ. ಕೂರಲು ಬಾರದ ಕೂಸೂ ಅವನ ಸ್ಟೂಲಿನ ಮೇಲೆ ರಾಜನಂತೆ ಕೂತಿರುತ್ತದೆ. ಗುಟ್ಟು ಇಷ್ಟೇ: ಹಿಂದೆ ಇಳಿಬಿಟ್ಟ ನೀಲಿ ಬಟ್ಟೆಯ ಮರೆಯಲ್ಲಿ ಹೆಂಡತಿ ಮಂಡಿಯೂರಿ, ಬಟ್ಟೆಯ ಸಮೇತ ಕೂಸಿನ ಸೊಂಟ ಹಿಡಿದಿರುತ್ತಾಳೆ. ಹೆತ್ತವಳಿಗೆ ಕ್ಯಾಮೆರಾ ಪಕ್ಕ ನಿಂತು ಗಿಲಕಿ ಆಡಿಸುವ ಕೆಲಸ. ಫೋಟೋದಲ್ಲಿ ಆಕೆಯ ಗುರುತೆಂದರೆ ಕೂಸಿನ ಎರಡೂ ಪಕ್ಕ ಬಟ್ಟೆಯಲ್ಲಿ ಬೀಳುವ ನೆರಿಗೆ. ಊರಿನ ಅರ್ಧ ಗೋಡೆಗಳ ಮೇಲೆ ಆಕೆ ಇದ್ದಾಳೆ; ಯಾರೂ ನೋಡಿಲ್ಲ.

ಈಚೆಗೆ ಕೂಸುಗಳು ವಾಲತೊಡಗಿದವು. ಒಬ್ಬ ಅಜ್ಜಿ ಫ್ರೇಮ್ ವಾಪಸು ತಂದಳು. "ನನ್ನ ಮೊಮ್ಮಗ ಕುಡಿದವನ ಥರ ಕೂತಿದಾನಲ್ಲಪ್ಪಾ! ನೆಟ್ಟಗೆ ಫ್ರೇಮ್ ಹಾಕು."

"ಅಜ್ಜೀ, ಫ್ರೇಮ್ ನೆಟ್ಟಗಿದೆ. ನಿಮ್ಮ ಮೊಮ್ಮಗನ್ನೇ ಕೇಳಿ."

ಅಲ್ಲಾಡ್ಬೇಡಿ ಮೊದಲು ಸ್ಟೂಲನ್ನು ಬೈದ, ಆಮೇಲೆ ನೆಲವನ್ನು. ನನ್ನ ಅಂಗಡಿಯಲ್ಲಿ ತೋರಿಕೆಗೆ ತೂಗುಹಾಕಿದ್ದ, ಅವನೇ ತೆಗೆದ ಕೂಸಿನ ಹಳೆಯ ಫೋಟೋವನ್ನು ಇಳಿಸಿ ಅಜ್ಜಿ ತಂದ ಫೋಟೋದ ಪಕ್ಕ ಇಟ್ಟೆ. ಹಳೆಯದರಲ್ಲಿ ನೆರಿಗೆ ಎರಡೂ ಕಡೆ. ಹೊಸದರಲ್ಲಿ ಒಂದೇ ಕಡೆ. ಇನ್ನೊಂದು ಕಡೆ ಬಟ್ಟೆ ಇಸ್ತ್ರಿ ಹಾಕಿದಷ್ಟು ನುಣುಪು.

ಅವನ ಮುಖ ಇಳಿದುಹೋಯಿತು. ಅಲ್ಲಿಂದಲೇ ಹೆಂಡತಿಯನ್ನು ಕೂಗಿದ.

"ಏ, ಇಲ್ಲಿ ಬಾ. ಎಡಗೈ ಎತ್ತು."

"ರೀ, ಒಲೆ ಮೇಲೆ ಹಾಲಿದೆ."

"ಉಕ್ಲಿ. ಎತ್ತು."

ಕೈ ಭುಜದವರೆಗೂ ಏರಲಿಲ್ಲ. ಬೆರಳು ಮಡಚಲಿಲ್ಲ.

"ಬೇರೆಯವರ ಕೂಸು ಕಣೇ! ಬಿದ್ದಿದ್ರೆ?"

"ಬೀಳೋಕೆ ಬಿಡ್ತಿದ್ನಾ? ಬಲಗೈಲಿ ಹಿಡಿದು ಅದರ ಬೆನ್ನಿಗೆ ಎದೆ ಒತ್ತಿಡ್ತಿದ್ದೆ." ಆಕೆ ದನಿ ತಗ್ಗಿಸಿದಳು. "ನಿಮಗೆ ಹೇಳಿದ್ರೆ ಮಗಳಿಗೆ ಹೇಳ್ತೀರಿ. ಅವಳಿಗೆ ಮುಂದಿನ ತಿಂಗಳು ಹೆರಿಗೆ. ಗೊತ್ತಾದ್ರೆ ಮಗೂನ ನನ್ನ ಕೈಗೆ ಕೊಡ್ತಾಳಾ?"

ಕೈಯ ನರ ಕತ್ತಿನಲ್ಲಿ ಒತ್ತಿಕೊಂಡಿರಬಹುದೆಂದು ಡಾಕ್ಟರು ಕತ್ತಿನ ಸ್ಕ್ಯಾನ್ ಮಾಡಿಸಿ, ಮರುದಿನ ಸಂಜೆ ಬನ್ನಿ, ಆಮೇಲೆ ಹೇಳ್ತೀನಿ ಎಂದರು. ಮರುದಿನ ಬೆಳಿಗ್ಗೆಯೇ ಒಬ್ಬಳು ಕೂಸನ್ನೆತ್ತಿಕೊಂಡು ಬರಬೇಕೆ? ಅಲ್ಲಾಡ್ಬೇಡಿ ಬಾಗಿಲೆಳೆಯಲು ಹೋದ. ಹೆಂಡತಿ ತಡೆದಳು.

"ಗಡಿಯಾರ ನೋಡ್ತಾ ಕೂರೋದಕ್ಕಿಂತ ಇದೇ ವಾಸಿ. ನೀವು ಹಿಂದೆ ಹೋಗಿ, ಬಟನ್ ನಾನು ಒತ್ತೀನಿ."

ಅವನು ಬಟ್ಟೆಯ ಮರೆಗೆ ಹೋಗಿ ಮಂಡಿಯೂರಿದ. ಆಕೆ ಕ್ಯಾಮೆರಾಕ್ಕೆ ಕಣ್ಣಿಟ್ಟಳು.

"ರೀ, ಅಲ್ಲಾಡ್ಬೇಡಿ."

"ನಾನೆಲ್ಲಿ ಅಲ್ಲಾಡ್ತಿದೀನೇ?"

ಮಧ್ಯಾಹ್ನ ಆ ಫೋಟೋ ಫ್ರೇಮಿಗೆಂದು ನನ್ನಲ್ಲಿಗೆ ಬಂತು. ಕೂಸು ನೆಟ್ಟಗಿದೆ, ಕಣ್ರೆಪ್ಪೆ ಎಣಿಸಬಹುದು. ನೆರಿಗೆಗಳು ಮಾತ್ರ ಎರಡೂ ಕಡೆ ಮಸುಕು, ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ. ಕೂಸಿನ ತಾಯಿ ಬಹಳ ಚೆನ್ನಾಗಿದೆ ಎಂದಳು. ನಾನೂ ಹೌದೆಂದು ಗಾಜು ಕೂರಿಸಿದೆ.

ಸಂಜೆ ಇಬ್ಬರೂ ಆಸ್ಪತ್ರೆಗೆ ಹೊರಟರು. ಆಕೆ ನನ್ನ ಅಂಗಡಿಯ ಮುಂದೆ ನಿಂತಳು.

"ಅಣ್ಣಾ, ಮಗಳು ನಿಮಗೆ ಫೋನ್ ಮಾಡಿದ್ರೆ ಹಾಲು ತರೋಕೆ ಹೋಗಿದಾರೆ ಅನ್ನಿ."

"ಹಾಲಿಗೆ ಇಬ್ರು ಯಾಕೆ ಅಂದ್ರೆ?"

ಆಕೆ ಗಂಡನ ಕಡೆ ತಿರುಗಿದಳು. ಅವನು ಆಗಲೇ ಆಕೆಯ ಎಡಗೈ ಹಿಡಿದುಕೊಂಡಿದ್ದ, ಕೂಸಿನ ಸೊಂಟ ಹಿಡಿದಷ್ಟು ಜೋಪಾನವಾಗಿ.