ಅತ್ತೆಯ ಬಾಯಲ್ಲಿ ದತ್ತನ ಹೆಸರು

“ದತ್ತನ ಹೆಸರಿಲೆ ಒಂದ್ ತುತ್ತು ತಿನ್ನೋ ನಮ್ಮಪ್ಪಾ!”

ಅತ್ತೆ ಅಂಗಳದಲ್ಲಿ ಕುಂಟುನಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅಂಗೈಯಲ್ಲಿ ರೊಟ್ಟಿ ಹಿಡಿದಿದ್ದರು. ನನಗೆ ನಂಬಲಾಗಲಿಲ್ಲ. ಕೊರಳಲ್ಲಿ ಲಿಂಗವಿರುವಾಗ ಬೇರೆ ದೇವರ ಹೆಸರೆತ್ತಬಾರದು ಎನ್ನುವವರು ಅವರು.

ಎಂಬತ್ತರ ದಶಕದ ಮಾತು. ನಾನು ಇಜೇರಿಗೆ ಸೊಸೆಯಾಗಿ ಬಂದು ತಿಂಗಳಾಗಿತ್ತಷ್ಟೇ; ಹೊಸ ಮನೆಯ ಸಂಕೋಚಕ್ಕೆ ಊಟವೇ ಸೇರುತ್ತಿರಲಿಲ್ಲ. ಗಾಣಗಾಪುರದ ದತ್ತನ ಗುಡಿಯ ಬಳಿ ಜೀಪು ಹಾಯ್ದು ಕಾಲು ಮುರಿದುಕೊಂಡಿದ್ದ ಆ ನಾಯಿಯನ್ನು ತರಲೇಬೇಕೆಂದು ಹಟ ಹಿಡಿದವಳು ನಾನೇ. ಅದು ಬರುವ ಮೊದಲೇ ಮಾವ ಕಟ್ಟೆಯ ಮೂಲೆ ಸಾರಿಸಿ ಗೋಣಿತಟ್ಟು ಹಾಸಿದ್ದರು. ನಾನು ಹಳೆಯ ಬೋಗುಣಿ ತಿಕ್ಕಿಟ್ಟಿದ್ದೆ. ಅತ್ತೆಯದು ಒಂದೇ ಕಟ್ಟಳೆ, ಅದು ಹೊಸ್ತಿಲು ದಾಟಕೂಡದು.

ಇಷ್ಟೆಲ್ಲ ಮಾಡಿದರೂ ನಾಯಿ ಮೂರು ದಿನ ಬೋಗುಣಿಗೆ ಬಾಯಿ ಹಾಕಲಿಲ್ಲ. ಸುಮ್ಮನೆ ನಮ್ಮ ಮುಖ ನೋಡುತ್ತಿತ್ತು. ಸಾಯಲೆಂದೇ ತಂದೆನೇ ಎಂದು ನಾನು ಅಳುತ್ತಿದ್ದಾಗ, ಅತ್ತೆ ಕೇಳಿದರು: “ಅಲ್ಲಿ ಮಂದಿ ಹ್ಯಾಂಗ್ ತಿನ್ನಸ್ತಿದ್ರು ಬೇ ಇದಕ್ಕ?”

“ಮಧ್ಯಾಹ್ನದಾಗ ದತ್ತನ ಹೆಸರು ಹೇಳಿ, ಕೈಯಾಗ ಹಿಡದು ತಿನ್ನಸ್ತಿದ್ರು ರೀ” ಎಂದೆ. ಅವರು ಎದ್ದು ಒಳಗೆ ಹೋಗಿದ್ದರು.

ಮರುದಿನ ಮಧ್ಯಾಹ್ನವೇ ಈ ದೃಶ್ಯ. ನಾಯಿ ಕತ್ತು ಚಾಚಿ ಅವರ ಅಂಗೈಯ ರೊಟ್ಟಿಯನ್ನು ಮೆಲ್ಲಗೆ ತಿಂದಿತು. ಅತ್ತೆ ತಿರುಗಿ ನನ್ನನ್ನು ಗದರಿದರು: “ಏನ್ ನೋಡ್ಕೋತ ನಿಂತಿ? ಇನ್ನೊಂದ್ ರೊಟ್ಟಿ ತಾ!”

ಆಮೇಲೆ ನಾಯಿ ಬದುಕಿದಷ್ಟು ವರ್ಷವೂ ಅತ್ತೆ ಮಧ್ಯಾಹ್ನಕ್ಕೊಮ್ಮೆ ಆ ಹೆಸರು ಹೇಳಿದರು. ನಾನು ಇಂದಿಗೂ ಅವರಿಗೆ ಕೈ ಮುಗಿಯುವುದು ಅದೊಂದಕ್ಕೇ ಅಲ್ಲ. ಆ ನಾಯಿಯ ಹಾಗೆಯೇ ಬೇರೆ ಕಡೆಯಿಂದ ಬಂದಿದ್ದ ನಾನೂ, ಅಂದು ಮೊದಲ ಸಲ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ.