ತೊನ್ನಾಗಿದ್ದರೆ ಕೆರೆಯುತ್ತಿರಲಿಲ್ಲ

ಅಮ್ಮ ಯಾವಾಗಿನಿಂದ ಮುಚ್ಚಿಟ್ಟಿದ್ದಳೋ ನನಗೆ ಇಂದಿಗೂ ಖಚಿತವಿಲ್ಲ. ಎರಡು ಸಾವಿರದ ನಾಲ್ಕಿರಬೇಕು, ಅಥವಾ ಐದು. ತಂಗಿಗೆ ಗಂಡು ಗೊತ್ತಾದ ವರ್ಷ ಎನ್ನುವುದಷ್ಟೇ ನಿಜ. ಬಸವೇಶ್ವರನಗರದ ಮನೆಯಲ್ಲಿ ಆಗ ನಾವು ಮೂವರೇ. ಅಮ್ಮ ನನ್ನ ಸ್ಕೂಟರ್ ಹತ್ತುವುದನ್ನು ನಿಲ್ಲಿಸಿದ್ದಳು. ಬಚ್ಚಲಿನಲ್ಲಿ ಸದಾ ಬೇವಿನೆಲೆ ಕುದಿಸಿದ ನೀರಿನ ವಾಸನೆ. ನಾನು ಮೊದಲು ಮಂಡಿನೋವು ಎಂದುಕೊಂಡೆ, ಆಮೇಲೆ ಮೂಲವ್ಯಾಧಿ, ಕೊನೆಗೆ ಯಾವನೋ ಜ್ಯೋತಿಷಿ ವ್ರತ ಹಿಡಿಸಿದ್ದಾನೆ ಎಂದು ಅನುಮಾನಿಸಿದೆ. ಕೇಳಿದರೆ ವಯಸ್ಸಾಯಿತಲ್ಲ ಎನ್ನುವಳು. ಸ್ಕೂಟರ್ ಹತ್ತಲಾರದಷ್ಟು ವಯಸ್ಸು ಅವಳಿಗೆ ಆಗಿರಲಿಲ್ಲ.

ನಿಜ ಹೇಳಿದವಳು ತಂಗಿ. ಒಗೆಯಲು ಹಾಕಿದ್ದ ಲಂಗದಲ್ಲಿ ರಕ್ತದ ಕಲೆ ಕಂಡು ಅವಳು ಅಮ್ಮನನ್ನು ಹಿಡಿದು ಕೇಳಿದ್ದಳು; ಅಮ್ಮನಿಗೆ ಮುಟ್ಟು ನಿಂತು ವರ್ಷಗಳಾಗಿದ್ದವು. ಕೆಳಗಡೆ ತಡೆಯಲಾಗದ ಕೆರೆತ, ಕೆರೆದು ಕೆರೆದು ಚರ್ಮ ಬಿರಿದಿದೆ ಎಂದಷ್ಟೇ ಅಮ್ಮ ಬಾಯಿಬಿಟ್ಟಿದ್ದು. ನಮ್ಮ ಬೀದಿಯ ಡಾಕ್ಟರಿಗೆ ಮೊದಲೇ ಹೇಳಿದ್ದಳಂತೆ. ಅವರು ನೋಡದೆಯೇ ಸಕ್ಕರೆ ಪರೀಕ್ಷೆ ಬರೆದು, ಫಂಗಸ್ ಎಂದು ಮುಲಾಮು ಕೊಟ್ಟಿದ್ದರು. ಸಕ್ಕರೆ ಇರಲಿಲ್ಲ. ಮುಲಾಮು ಬದಲಾಗುತ್ತ ಹೋಯಿತು, ಕೆರೆತ ಹಾಗೇ ಇತ್ತು.

ವಿಜಯನಗರದ ಲೇಡಿ ಡಾಕ್ಟರ ಹತ್ತಿರ ಹೋದಾಗ ತಂಗಿ ಒಳಗೆ ಹೋದಳು, ನಾನು ಹೊರಗೆ ಕುಳಿತೆ. ಆದರೂ ಪರದೆಯಾಚೆ ನಡೆದದ್ದೆಲ್ಲ ಕಣ್ಣಾರೆ ಕಂಡಂತೆ ನೆನಪಿದೆ. ಅದಕ್ಕೇ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ತಂಗಿ ಹೇಳಿದ್ದಕ್ಕೆ ನಾನೇ ಬಣ್ಣ ಬಳಿದಿರಬಹುದು. ಪರೀಕ್ಷೆಗೆ ಮಲಗುವ ಮೊದಲು ಅಮ್ಮ ಮಾತು ಕೊಡಿ ಎಂದಳಂತೆ.

"ಯಾರಿಗೂ ಗೊತ್ತಾಗ್ಬಾರ್ದು ಡಾಕ್ಟ್ರೇ. ಅಲ್ಲೆಲ್ಲ ಬೆಳ್ಳಗಾಗಿದೆ. ತೊನ್ನು. ಮಗಳಿಗೆ ಗಂಡು ಗೊತ್ತಾಗಿದೆ."

ಡಾಕ್ಟರು ದೀಪ ಹತ್ತಿರಕ್ಕೆಳೆದು ನಿಧಾನವಾಗಿ ನೋಡಿದರಂತೆ. "ಬರೀ ತೊನ್ನಾಗಿದ್ರೆ ಹೀಗೆ ಕೆರೀತಿರ್ಲಿಲ್ಲಮ್ಮ. ಇದು ಬೇರೆ."

ಯೋನಿಯ ಹೊರಭಾಗದ ಚರ್ಮ ತೆಳುವಾಗಿ ಬಿಳಿಚಿಕೊಳ್ಳುವ ಕಾಯಿಲೆಯಂತೆ. ಅಂಟುವುದಿಲ್ಲ, ಕೊಳಕಿನಿಂದ ಬರುವುದಿಲ್ಲ. ಬೇರುಸಹಿತ ಹೋಗದಿದ್ದರೂ ಹತೋಟಿಯಲ್ಲಿಡಬಹುದು. ಬೇವಿನ ನೀರು, ಸೋಪು ಎಲ್ಲ ಬಿಟ್ಟು ಸ್ಟೀರಾಯ್ಡ್ ಮುಲಾಮನ್ನು ತೆಳ್ಳಗೆ ಹಚ್ಚಬೇಕು. ಒಂದು ಕಡೆ ಮಾತ್ರ ಚರ್ಮ ಗಟ್ಟಿಯಾಗಿದೆ. ಇಂಥಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುವುದುಂಟು, ಒಂದು ಚೂರು ತೆಗೆದು ಪರೀಕ್ಷಿಸಬೇಕು ಎಂದರು.

ಅಮ್ಮ ನಂಬಲಿಲ್ಲ. ಸಮಾಧಾನಕ್ಕೆ ತೊನ್ನಲ್ಲ ಅಂದಿದ್ದಾರೆ ಎಂದಳು. ಚೂರು ಲ್ಯಾಬಿಗೆ ಹೋದರೆ ಲ್ಯಾಬಿನಿಂದ ಬೀದಿಗೆ, ಬೀದಿಯಿಂದ ಬೀಗರ ಕಿವಿಗೆ. ಮದುವೆಯಾಗಲಿ, ಆಮೇಲೆ ನೋಡೋಣ.

ನಾನೂ ನಂಬಲಿಲ್ಲ, ನನ್ನ ಕಾರಣ ಬೇರೆ. ಮುಲಾಮಿನ ಜೊತೆಗಿದ್ದ ಹಾಳೆಯಲ್ಲಿ ಗುಪ್ತಾಂಗಕ್ಕೆ ಹಚ್ಚಬಾರದು ಎಂದು ಅಚ್ಚಾಗಿತ್ತು. ಎಂ.ಎಸ್ಸಿ. ಮಾಡಿದ ಮಗನಿಗೇ ಅನುಮಾನ ಬಂದದ್ದು ಅಮ್ಮನಿಗೆ ಬಲವಾಯಿತು. ಓದಿದವನೇ ಬೇಡ ಅನ್ನುತ್ತಿದ್ದಾನೆ ಎಂದು ಮುಲಾಮನ್ನು ಬೀರುವಿಗೆ ಸೇರಿಸಿದಳು. ನಾನು ಬೇಡ ಅಂದಿರಲಿಲ್ಲ, ಕೇಳೋಣ ಅಂದಿದ್ದೆ. ಹಾಗೆಂದು ನನ್ನ ನೆನಪು. ಮರುದಿನವೇ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋದೆ. ಕಂಡಕಂಡ ಕೆರೆತಕ್ಕೆ ಅಲ್ಲಿ ಹಚ್ಚಿದರೆ ಕೆಡುಕು, ಈ ಕಾಯಿಲೆಗೆ ಇದೇ ಮದ್ದು ಎಂದರು.

"ಇದನ್ನ ಬರೆದೋರು ನಿಮ್ಮಮ್ಮನ್ನ ನೋಡಿಲ್ಲ. ನಾನು ನೋಡಿದೀನಿ."

ಮನೆಗೆ ಬಂದು ಅದನ್ನೇ ಅಮ್ಮನಿಗೆ ಹೇಳಿದೆ. ಅಮ್ಮ ಗೊಣಗುತ್ತಲೇ ಮುಲಾಮು ಶುರುಮಾಡಿದಳು. ಚೂರು ತೆಗೆಸುವ ಪರೀಕ್ಷೆಗೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಒಂದು ಬೆಳಗ್ಗೆ ಹುರುಳಿಕಾಯಿ ಬಿಡಿಸುತ್ತಿದ್ದ ತಂಗಿ ತಲೆಯೆತ್ತದೆ ಹೇಳಿದಳು.

"ನೀನು ಹೊರಡ್ಲಿಲ್ಲ ಅಂದ್ರೆ ನಾನೇ ಹುಡುಗನ ಅಮ್ಮಂಗೆ ಫೋನ್ ಮಾಡ್ತೀನಿ. ನಮ್ಮಮ್ಮಂಗೆ ತೊನ್ನಿದೆ, ಬೇಕಾದ್ರೆ ಮಾಡ್ಕೊಳ್ಳಿ, ಬೇಡಾದ್ರೆ ಬಿಡಿ ಅಂತೀನಿ."

"ತೊನ್ನಲ್ಲ ಕಣೇ. ಡಾಕ್ಟ್ರೇ ಹೇಳಿದಾರಲ್ಲ."

"ಓ, ಈಗ ಡಾಕ್ಟ್ರ ಮಾತು ನಂಬ್ತೀಯಾ? ಹಾಗಾದ್ರೆ ನಡಿ."

ಅಮ್ಮ ನನ್ನತ್ತ ನೋಡಿದಳು, ಈ ಉಪಾಯ ನಾನೇ ಹೇಳಿಕೊಟ್ಟದ್ದು ಎಂಬಂತೆ. ನಾನಲ್ಲ ಎಂದು ಈಗಲೂ ಆಣೆ ಮಾಡಲಾರೆ. ಅಂತೂ ಸೀರೆ ಬದಲಾಯಿಸಿ ಹೊರಟಳು.

ಲ್ಯಾಬಿನ ವರದಿ ಬಂದಾಗ ಕ್ಯಾನ್ಸರ್ ಇರಲಿಲ್ಲ, ಡಾಕ್ಟರು ಹೇಳಿದ ಚರ್ಮದ ಕಾಯಿಲೆಯೇ. ಮುಲಾಮು ಬಿಡಬಾರದು, ಆರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಇದು ಮಗಳಿಗೂ ಬರುತ್ತದೆಯೇ ಎಂದು ಅಮ್ಮ ಕೇಳಿದಳಂತೆ. ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಬರುವುದುಂಟು, ಬಹಳಷ್ಟು ಕಡೆ ಇಲ್ಲ ಎಂದರಂತೆ ಡಾಕ್ಟರು.

ಮನೆಗೆ ಬರುವಾಗ ಆಟೋದಲ್ಲಿ ಅಮ್ಮ ತಂಗಿಗೆ ಒಂದು ಮಾತು ಹೇಳಿದಳು. ತಂಗಿ ಅದು ಆಟೋದಲ್ಲಲ್ಲ, ಚಪ್ಪರದ ದಿನ ಎನ್ನುತ್ತಾಳೆ. ಎಲ್ಲೇ ಆಗಲಿ, ನನ್ನೆದುರಿಗೇ, ದನಿ ತಗ್ಗಿಸದೆ ಹೇಳಿದ್ದು ನಿಜ.

"ನಿಂಗೇನಾದ್ರೂ ಅಲ್ಲಿ ಕೆರೆತ ಬಂದ್ರೆ ನನ್ ಥರ ಕೂತ್ಕೋಬೇಡ. ನಿಮ್ಮತ್ತೆ ಏನಾದ್ರೂ ಅಂದ್ಕೊಳ್ಳಿ, ಹೋಗಿ ತೋರಿಸ್ಕೋ."